ಮಹಿಳಾ ಸದಸ್ಯೆಯ ಹೂಂ

ಕೋಟಿನ ಗುಂಡಿಗಳು ಗಂಡಸರ ಕೋಟಿನಲ್ಲಿರುವಂತೆ ಬಲಗಡೆ ಇದ್ದವು. ಖೋ ಖೋ ಒಕ್ಕೂಟದವರು ಹತ್ತಾರು ದೇಶಗಳ ಸದಸ್ಯರಿಗೆಲ್ಲ ಒಬ್ಬನೇ ದರ್ಜಿಯ ಹತ್ತಿರ ಹೊಲಿಸಿ ಹಂಚಿದ ಕಡುನೀಲಿ ಕೋಟು ಅದು. ಕಾರ್ಯಕಾರಿ ಸಮಿತಿಯಲ್ಲಿ ಒಬ್ಬ ಹೆಂಗಸೂ ಇದ್ದಾಳೆ ಎನ್ನುವುದು ಅಳತೆ ಕೊಡುವಾಗ ಯಾರಿಗೂ ನೆನಪಾಗಿರಲಿಕ್ಕಿಲ್ಲ. ಸುವರ್ಣಾ ಅದನ್ನು ಸೀರೆಯ ಮೇಲೆ ತೊಡಲು ಶುರುಮಾಡಿ ಮೂರು ವರ್ಷವಾದರೂ ಬೆರಳುಗಳು ಇನ್ನೂ ಮೊದಲು ತಪ್ಪು ಕಡೆಗೇ ಹೋಗುತ್ತಿದ್ದವು. ಕಿಟಕಿಯ ಕೆಳಗೆ, ನಾರಾಯಣಗೂಡದ ಆ ಓಣಿಯ ಕೋಚಿಂಗ್ ಸೆಂಟರಿನಲ್ಲಿ ಬೆಳಗಿನ ತರಗತಿ ನಡೆದಿತ್ತು. ಮೇಷ್ಟ್ರು ಏನನ್ನೋ ಹೇಳಿ ಮುಗಿಸುವುದು, ಅರ್ಥವಾಯಿತಾ ಎಂದು ಕೇಳುವುದು, ನೂರು ಗಂಟಲುಗಳು ಒಟ್ಟಿಗೆ ‘ಎಸ್ ಸಾರ್’ ಎನ್ನುವುದು. ದಿನಾ ಕೇಳುವ ಸದ್ದು. ಇವತ್ತು ಮಾತ್ರ ಪ್ರತಿ ಸಲವೂ ಅವಳ ಕೈ ಗುಂಡಿಯ ಮೇಲೆ ಒಂದು ಕ್ಷಣ ನಿಲ್ಲುತ್ತಿತ್ತು. ಆ ನೂರರಲ್ಲಿ ನಿಜವಾಗಿ ಅರ್ಥವಾದವರು ಎಷ್ಟು ಜನ, ಸುಮ್ಮನೆ ಅಂದವರು ಎಷ್ಟು ಜನ, ಅಂದದ್ದೇ ಗೊತ್ತಿಲ್ಲದವರು ಎಷ್ಟು ಜನ? ತಾನು ಆ ದಿನ ಯಾವ ಸಾಲಿನಲ್ಲಿ ಕುಳಿತಿದ್ದೆ?

ಹಾಗೆ ನೋಡಿದರೆ ನಡೆದದ್ದು ಬಹಳ ಸಣ್ಣದು. ಹೋದ ತಿಂಗಳು ಕಂಪ್ಯೂಟರಿನ ಪರದೆಯ ಮೇಲೆ ಸಮಿತಿಯ ಸಭೆ ಇತ್ತು. ಹುಡುಗಿಯರ ಕಿರಿಯರ ಪಂದ್ಯಾವಳಿಗೆ ಸಾಕಷ್ಟು ತಂಡಗಳು ಬರುತ್ತಿಲ್ಲ, ಮುಂದಿನ ಎರಡು ಸಲ ಅದನ್ನು ಕೈಬಿಡೋಣ, ಹುಡುಗರದ್ದು ಎಂದಿನಂತೆ ನಡೆಯಲಿ ಎಂದು ಅಧ್ಯಕ್ಷರು ಹೇಳುತ್ತ ಹೋದರು. ಒಕ್ಕೂಟದ ನಿಯಮದ ಪ್ರಕಾರ ಹೆಂಗಸರ ಆಟವನ್ನು ಮುಟ್ಟುವ ಯಾವ ತೀರ್ಮಾನಕ್ಕೂ ಮಹಿಳಾ ಸದಸ್ಯೆಯ ಸಮ್ಮತಿ ಬೇಕು. ಅವಳ ಹೆಸರು ಕರೆದರು. ಕರೆದಾಗ ಅವಳ ಬಾಯಿಂದ ‘ಹೂಂ’ ಎಂಬ ಒಂದು ಸದ್ದು ಬಂತು, ತುಟಿ ಕೂಡ ತೆರೆಯದೆ. ಸಭೆ ಮುಂದಿನ ವಿಷಯಕ್ಕೆ ಹೋಯಿತು. ನಡಾವಳಿಯ ಕರಡು ಬಂದಾಗ ಅದರಲ್ಲಿ ಮಹಿಳಾ ಸದಸ್ಯೆಯ ಸಮ್ಮತಿಯೊಂದಿಗೆ ಎಂದು ಚೊಕ್ಕ ಇಂಗ್ಲಿಷಿನಲ್ಲಿ ಬರೆದಿತ್ತು. ಇವತ್ತು ಸೋಮಾಜಿಗೂಡದ ಹೋಟೆಲಿನಲ್ಲಿ, ಎಲ್ಲರೂ ಎದುರುಬದುರು ಕುಳಿತು, ಆ ನಡಾವಳಿಯನ್ನು ದೃಢಪಡಿಸುವುದಿತ್ತು. ದೃಢಪಟ್ಟಿತೆಂದರೆ ಮುಗಿಯಿತು.

ಫೋನ್ ಹೊಡೆದುಕೊಂಡಿತು. ಶೈಲಾ. ಒಂದು ಕಾಲದಲ್ಲಿ ಇಬ್ಬರೂ ಒಂದೇ ತಂಡದಲ್ಲಿ ಆಡಿದವರು. ಸುವರ್ಣಾ ಕ್ರೀಡಾ ಕೋಟಾದಲ್ಲಿ ರೈಲ್ವೆ ನೌಕರಿ ಹಿಡಿದು, ಅಲ್ಲಿಂದ ರಾಜ್ಯ ಸಂಸ್ಥೆ, ಅಲ್ಲಿಂದ ಈ ಒಕ್ಕೂಟ ಎಂದು ಮೆಟ್ಟಿಲು ಹತ್ತಿದಳು. ಶೈಲಾ ಮೈದಾನ ಬಿಟ್ಟು ಕದಲಲಿಲ್ಲ. ನಾಚಾರಂನ ಕಾರ್ಖಾನೆ ಶೆಡ್ಡುಗಳ ಹಿಂದಿನ ಖಾಲಿ ಜಾಗದಲ್ಲಿ ಹುಡುಗಿಯರಿಗೆ ಆಟ ಕಲಿಸುತ್ತಾಳೆ. ಹೆಚ್ಚಿನವರು ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಅವರಲ್ಲಿ ತೇಜಸ್ವಿನಿ ಎಂಬವಳು ಈ ಸಲ ಕಿರಿಯರ ತಂಡಕ್ಕೆ ಆಯ್ಕೆಯಾಗಿದ್ದಳು. ಅವಳ ತಾಯಿ ಸುಗಲಮ್ಮ, ಮಗಳು ವಿಮಾನ ಹತ್ತುತ್ತಾಳೆಂದು ಸೆಂಟ್ರಿಂಗಿನವರಿಂದ ಹಿಡಿದು ಮೇಸ್ತ್ರಿಯವರೆಗೆ ಇಡೀ ಸೈಟಿಗೆ ಹೇಳಿಕೊಂಡು ಬಂದಿದ್ದಳಂತೆ. ಎರಡು ಸಲ ಪಂದ್ಯಾವಳಿ ಬಿಟ್ಟರೆ ಹುಡುಗಿಯರ ಆಟದ ವಯಸ್ಸು ಮುಗಿಯುತ್ತದೆ, ಅಷ್ಟರಲ್ಲಿ ಮದುವೆಯೂ ಮುಗಿದಿರುತ್ತದೆ ಎಂದು ಶೈಲಾ ವಾರದಿಂದ ಹೇಳುತ್ತಲೇ ಇದ್ದಳು.

“ಇವತ್ತರ ಬಾಯಿ ಬಿಡ್ತೀಯೊ ಇಲ್ಲೊ?” ಎಂದಳು ಶೈಲಾ.

“ಕೇಳಾಕತ್ತೀನಿ ಅಂತ ಹೂಂ ಅಂದಿದ್ದೆ ಶೈಲಾ. ಒಪ್ಪೀನಿ ಅಂತಲ್ಲ. ಅದನ್ನ ಹೇಳ್ತೀನಿ.”

“ಹೇಳು. ಇಂಗ್ಲಿಷಿನ್ಯಾಗ ಹೇಳು, ನೋಡೂಣು.”

ಸುವರ್ಣಾ ರಾತ್ರಿ ಬಹಳ ಹೊತ್ತು ಆ ಒಂದು ಮಾತನ್ನು ಇಂಗ್ಲಿಷಿಗೆ ಹೊಂದಿಸಲು ನೋಡಿ ಸೋತಿದ್ದಳು.

“ಅವರಿಗೆ ತಿಳಿಯೂ ಮಾತು ಬ್ಯಾರೆ ಐತಿ. ಮೈಕ್ ಚಾಲೂ ಇತ್ತು, ಒಳಗಿಂದ ಗಂಡ ಏನೋ ಕೇಳಿದ, ಅವಗ ಹೂಂ ಅಂದೆ ಅಂತ ಹೇಳು. ಗಂಡಸರಿಗೆ ಲಗೂನ ತಿಳೀತೈತಿ.”

“ಅಂದ್ರ? ಮೀಟಿಂಗಿನ್ಯಾಗ ಕುಂತು ಮನಿ ಮಾತು ಆಡಾಕತ್ತಿದ್ದೆ ಅಂತ ಹೇಳ್ಲೇನು? ಹೆಂಗಸರ್ನ ಕುಂದ್ರಿಸಿದ್ರ ಹಿಂಗ ಅಂತ ಅವರು ನಾಳಿ ಆಡಿಕೊಳ್ಳಲಿ ಅಂತೀಯೇನು?”

“ಆಟ ಉಳೀಬೇಕು ನನಗ,” ಎಂದಳು ಶೈಲಾ. “ನಿನ್ನ ಮಾನದ ಚಿಂತಿ ನೀ ಮಾಡ್ಕೊ.” ಹಿಂದುಗಡೆ ಯಾವಳೋ ಹುಡುಗಿಗೆ ತೆಲುಗಿನಲ್ಲಿ ಬೈಯುತ್ತ ಫೋನಿಟ್ಟಳು.

ಆಟೋ ಹಿಮಾಯತ್ ನಗರದ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಿತು. ಕೋಟಿನ ಒಳಗೆ ಬೆವರು ಇಳಿಯುತ್ತಿತ್ತು. ಚಾಲಕ ಕನ್ನಡಿಯಲ್ಲಿ ಅವಳನ್ನು ನೋಡಿ, ಮೇಡಂ ವಕೀಲರಾ ಎಂದು ಹಿಂದಿಯಲ್ಲಿ ವಿಚಾರಿಸಿದ. ಅವಳು ಹೂಂ ಎಂದಳು. ಅಂದ ಮೇಲೆ ಬೆಚ್ಚಿದಳು. ಯಾಕೆ ಅಂದೆ? ಅವನಿಗೆ ನಿಜ ಹೇಳುವ ಶ್ರಮ ಬೇಡವೆಂದೇ, ಅವನ ಊಹೆ ಮುರಿಯಬಾರದೆಂದೇ, ಇಲ್ಲಾ ಮಾತು ನಿಂತರೆ ಸಾಕೆಂದೇ? ಅವನಾಗಲೇ ತನ್ನ ಮೈದುನನ ಜಮೀನಿನ ಕೇಸು ಹೇಳಲು ಶುರುಮಾಡಿದ್ದ, ಅವಳು ಅದಕ್ಕೂ ಹೂಂಗುಟ್ಟುತ್ತಿದ್ದಳು. ಅಜ್ಜಿ ಗದಿಗೆಮ್ಮ ಕಥೆ ಹೇಳುವಾಗ ಹೂಂಗುಟ್ಟುವ ಪಾಳಿ ಅವಳದೇ ಆಗಿತ್ತು. ಮನೆತುಂಬ ಹುಡುಗರಿದ್ದರೂ ಹುಡುಗರಿಗೆ ಆ ಕೆಲಸವಿರಲಿಲ್ಲ. ಅವರು ಕೇಳುತ್ತ ಕೇಳುತ್ತ ನಿದ್ದೆ ಹೋಗಬಹುದಿತ್ತು. ‘ಹೂಂ ಅನ್ನವ್ವ, ನಾ ಏನು ಗ್ವಾಡಿಗೆ ಹೇಳಾಕತ್ತೀನೇನು?’ ಎಂದು ಅಜ್ಜಿ ಅವಳ ತೊಡೆಗೆ ಚಿವುಟುತ್ತಿದ್ದಳು. ಅರೆನಿದ್ದೆಯಲ್ಲೂ ಹೂಂ ಬರುತ್ತಿತ್ತು. ಪರೀಕ್ಷೆ ಮಾಡಲು ಅಜ್ಜಿ ಕಥೆಯ ನಡುವೆ, ಕತ್ತೆಗೆ ಕೋಡು ಮೂಡಿದವು ಅನ್ನುವಳು. ಹೂಂ. ಕತ್ತೆ ರಾಜನ ಮಗಳನ್ನ ಲಗ್ನ ಆತು. ಹೂಂ. ಬೆಳಿಗ್ಗೆ ಇಡೀ ಮನೆ ಅದನ್ನು ಹೇಳಿ ನಗುತ್ತಿತ್ತು. ಮೈದಾನದಲ್ಲಿ ಮಾತ್ರ ಅವಳ ‘ಖೋ’ ಕೇಳಿದವರು ಈ ಹುಡುಗಿಯ ಗಂಟಲಿನಲ್ಲಿ ಏನಿದೆ ಎಂದು ತಿರುಗಿ ನೋಡುತ್ತಿದ್ದರು. ಕುಳಿತವಳ ಬೆನ್ನು ಮುಟ್ಟಿ, ಅಂಪೈರಿಗೆ ಕೇಳುವ ಹಾಗೆ ಕೂಗಬೇಕು, ಗೊಣಗಿದರೆ ಫೌಲು. ಎರಡು ಗಂಟಲುಗಳಿದ್ದವೇ ತನಗೆ, ಮೈದಾನಕ್ಕೊಂದು, ಮನೆಗೊಂದು? ಸಮಿತಿಯ ಕೋಣೆಗೆ ಹೋಗುವಾಗ ಯಾವುದನ್ನು ಒಯ್ಯಬೇಕೆಂದು ಯಾರೂ ಹೇಳಿರಲಿಲ್ಲ.

ಆದರೆ ಇದೂ ಸುಳ್ಳು ಎಂದು ಅವಳಿಗೆ ಗೊತ್ತಿತ್ತು. ಆಟೋ ಖೈರತಾಬಾದ್ ದಾಟುತ್ತಿತ್ತು. ಕೇಳುತ್ತಿದ್ದೇನೆ ಎಂಬ ಹೂಂ, ಅಭ್ಯಾಸದ ಹೂಂ, ಅಜ್ಜಿಯ ಕಥೆಯ ಹೂಂ, ಇವೆಲ್ಲ ಆಮೇಲೆ ಹುಡುಕಿಕೊಂಡವು. ಆ ಸಭೆಯ ಹಿಂದಿನ ಸಂಜೆ ಸುಬ್ಬರಾಯರು ಫೋನ್ ಮಾಡಿದ್ದರು. ಸುಬ್ಬರಾಯರು ಒಕ್ಕೂಟದ ಕಾರ್ಯದರ್ಶಿ, ಮೈಸೂರಿನ ಕಡೆಯವರು, ಅವಳನ್ನು ಹದಿನಾರನೇ ವಯಸ್ಸಿನಲ್ಲಿ ರಾಜ್ಯ ತಂಡಕ್ಕೆ ಆರಿಸಿದವರು. ರೈಲ್ವೆಯ ಸಂದರ್ಶನಕ್ಕೆ ಹೋಗುವಾಗ ತಮ್ಮ ಹೆಂಡತಿಯ ಸೀರೆ ಕೊಡಿಸಿ ಕಳಿಸಿದವರು. ಕೆಟ್ಟವರಲ್ಲ; ಕೆಟ್ಟವರಾಗಿದ್ದರೆ ಎಷ್ಟು ಸಲೀಸಾಗುತ್ತಿತ್ತು. ಅವರು ಮೊದಲು ಅರವಿಂದನ ಯೋಗಕ್ಷೇಮ ವಿಚಾರಿಸಿದ್ದರು. ಅವಳ ಗಂಡ ಅರವಿಂದ್ ರಕ್ಷಣಾ ಕಾರ್ಖಾನೆಯಲ್ಲಿ ಎಂಜಿನಿಯರ್. ಆ ವಾರ ತರಬೇತಿಗೆಂದು ನಾಸಿಕ್‌ಗೆ ಹೋಗಿದ್ದ. ಅವರು ಊರಾಗಿಲ್ಲ ಸರ್, ಐತವಾರ ಬರ್ತಾರ ಎಂದು ತಾನೇ ಬಾಯಾರೆ ಹೇಳಿದ್ದಳು. ಆಮೇಲೆ ಸುಬ್ಬರಾಯರು, ನಾಳೆ ಹುಡುಗಿಯರ ಪಂದ್ಯಾವಳಿ ವಿಷಯ ಬರುತ್ತೆ, ಅಧ್ಯಕ್ಷರಿಗೆ ಇಷ್ಟವಿಲ್ಲ, ನೀನು ಎದುರು ಹೇಳಬೇಡಮ್ಮ, ಮುಂದಿನ ಚುನಾವಣೆಯಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ನಿನ್ನ ಹೆಸರನ್ನ ಅವರೇ ಸೂಚಿಸುವ ಹಾಗೆ ನಾನು ಮಾಡ್ತೀನಿ ಎಂದಿದ್ದರು. ಇಡೀ ಒಕ್ಕೂಟದ ಇತಿಹಾಸದಲ್ಲಿ ಹೆಂಗಸೊಬ್ಬಳು ಆ ಕುರ್ಚಿಯಲ್ಲಿ ಕೂತಿಲ್ಲ, ನೀನು ಕೂತರೆ ಇಂಥ ಹತ್ತು ಪಂದ್ಯಾವಳಿ ತರಬಹುದು ಎಂದೂ ಹೇಳಿದ್ದರು. ಅವಳು ಅಡುಗೆಮನೆಯ ಕಟ್ಟೆಗೆ ಒರಗಿ, ಪ್ರತಿ ವಾಕ್ಯಕ್ಕೂ ಹೂಂಗುಟ್ಟಿದ್ದಳು. ಫೋನಿಟ್ಟ ಮೇಲೆ ಕೈ ತೊಳೆದುಕೊಂಡಿದ್ದಳು, ಯಾಕೋ ಗೊತ್ತಿಲ್ಲ, ಕೈ ಕೊಳೆಯೇನೂ ಆಗಿರಲಿಲ್ಲ. ಆ ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ ಬಂದಿತ್ತು. ಅದೇ ಈಗ ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಹೋಟೆಲಿನ ಬಾಗಿಲಲ್ಲಿ ಸಮವಸ್ತ್ರದ ಹುಡುಗಿಯೊಬ್ಬಳು ಹಣೆಗೆ ಕುಂಕುಮವಿಟ್ಟು, “ಲೇಡೀಸ್ ಅಂದರೂ ಅಕ್ಕಡ ಮೇಡಂ, ಬಸ್ ರೆಡೀ,” ಎಂದು ತೆಲುಗಿನಲ್ಲಿ ಹೇಳಿ, ಹೆಂಗಸರೆಲ್ಲ ನಿಂತಿದ್ದ ಎಡಗಡೆಗೆ ಕೈ ತೋರಿಸಿದಳು. ಅಲ್ಲಿ ಸದಸ್ಯರ ಹೆಂಡಂದಿರು ಕಪ್ಪು ಕನ್ನಡಕ, ನೀರಿನ ಬಾಟಲಿ ಹಿಡಿದು ನಿಂತಿದ್ದರು, ಲಾಡ್ ಬಜಾರಿಗೆ ಬಳೆ ಕೊಳ್ಳಲು ಹೊರಟವರು. ಸುವರ್ಣಾ ಕೋಟಿನ ಜೇಬಿನ ಮೇಲಿನ ಲಾಂಛನವನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು. ಹುಡುಗಿಗೆ ಅದು ಕೋಟಿನ ಚಂದವನ್ನು ತೋರಿಸಿದಂತೆ ಕಂಡಿರಬೇಕು, ಮೆಚ್ಚಿ ನಕ್ಕಳು. ಅಷ್ಟರಲ್ಲಿ ಸುಬ್ಬರಾಯರೇ ಎದುರಾದರು. ವಯಸ್ಸಾಗಿತ್ತು ಅವರಿಗೆ; ಕೋಟು ಹೆಗಲ ಮೇಲೆ ಬೇರೆ ಯಾರದೋ ಎಂಬಂತೆ ಜೋಲುತ್ತಿತ್ತು.

“ಬಂದ್ಯೇನಮ್ಮ ಸುವರ್ಣಾ. ಒಂದು ಉಪಕಾರ ಆಗ್ಬೇಕಲ್ಲ,” ಎಂದರು. ಅಧ್ಯಕ್ಷರ ಶ್ರೀಮತಿಯವರಿಗೆ ಭಾಷೆ ಬರುವುದಿಲ್ಲ, ಚೌಕಾಸಿ ಗೊತ್ತಿಲ್ಲ, ಊರಿನವಳು ನೀನು ಜೊತೆಗಿದ್ದರೆ ಚೆನ್ನ ಎಂದರು. ಸಭೆಯಲ್ಲಿ ಮೊದಲ ಭಾಗ ಏನೂ ಇಲ್ಲ, ಬರೀ ನಡಾವಳಿ ದೃಢೀಕರಣ, ಊಟದ ಹೊತ್ತಿಗೆ ನೀನು ವಾಪಸು ಬಂದಿರ್ತೀಯ.

ಬಸ್ಸಿನ ಮೆಟ್ಟಿಲ ಮೇಲೆ ನಿಂತಿದ್ದ ಅಧ್ಯಕ್ಷರ ಹೆಂಡತಿ ಇವಳನ್ನು ನೋಡಿ ಕೈಬೀಸಿದಳು. ಒಳ್ಳೆಯ ಮುಖ. ಆ ಕ್ಷಣದಲ್ಲಿ ಹೋಗಿಬಿಡುವ ಆಸೆ ಎಷ್ಟು ಬಲವಾಗಿತ್ತೆಂದರೆ ಸುವರ್ಣಾ ಬಸ್ಸಿನ ಕಡೆಗೆ ಒಂದು ಹೆಜ್ಜೆ ಇಟ್ಟೂಬಿಟ್ಟಳು. ಹೋದರೆ ತಾನು ಇರಲೇ ಇಲ್ಲ. ಇಲ್ಲದವಳ ಮೇಲೆ ತಪ್ಪು ಹೊರಿಸಲಾಗದು. ಶೈಲಾಗೆ, ನನ್ನ ಹೊರಗ ಕಳಿಸಿದ್ರು ನೋಡು ಎಂದು ಸಿಟ್ಟಿನಿಂದ ಹೇಳಬಹುದು, ಆ ಸಿಟ್ಟು ನಿಜವೂ ಆಗಿರುತ್ತದೆ. ಸುಬ್ಬರಾಯರು ಇದನ್ನೆಲ್ಲ ಲೆಕ್ಕ ಹಾಕಿಯೇ ಈ ದಾರಿ ಮಾಡಿಕೊಟ್ಟಿರಬಹುದೇ? ಅವರ ಕಣ್ಣಿನಲ್ಲಿ ಅಂಥ ಜಾಣತನವೇನೂ ಕಾಣಲಿಲ್ಲ, ಆಯಾಸವಿತ್ತು ಅಷ್ಟೆ.

“ನಾ ಒಳಗ ಬರ್ತೀನ್ರಿ ಸರ್,” ಎಂದಳು.

ಅವರು ಅವಳನ್ನು ನೋಡಿದರು. “ಬಾ,” ಎಂದರು. “ಬರಬೇಡ ಅಂತ ನಾನು ಅಂದ್ನಾ?”

ಕೋಣೆ ತಣ್ಣಗಿತ್ತು. ಪ್ರತಿಯೊಬ್ಬರ ಮುಂದೆ ದೇಶದ ಪುಟ್ಟ ಬಾವುಟ, ನೀರು, ಬಟ್ಟಲಿನಲ್ಲಿ ಉಸ್ಮಾನಿಯಾ ಬಿಸ್ಕತ್ತು. ಅಧ್ಯಕ್ಷರು ಎತ್ತರದ ಮನುಷ್ಯ, ಯಾವಾಗಲೂ ಸೌಜನ್ಯದವರು, ಅವಳ ಹೆಸರು ಹೇಳಲು ಬಾರದೆ ‘ನಮ್ಮ ಲೇಡಿ ಮೆಂಬರ್’ ಎನ್ನುತ್ತಿದ್ದರು. ಹಾಗೆನ್ನುವಾಗ ಎಲ್ಲರೂ ಅವಳತ್ತ ತಿರುಗಿ, ಹೂಗುಚ್ಛವೊಂದನ್ನು ನೋಡುವಂತೆ ನೋಡುತ್ತಿದ್ದರು. ಸ್ವಾಗತ ಮುಗಿಯಿತು. ಹಿಂದಿನ ಸಭೆಯ ನಡಾವಳಿ, ಆಕ್ಷೇಪಣೆ ಇಲ್ಲದಿದ್ದರೆ ಎಂದು ಅಧ್ಯಕ್ಷರು ಪುಟ ಮಗುಚಲು ಬೆರಳಿಗೆ ಉಗುಳು ಹಚ್ಚಿಕೊಂಡರು. ಅವಳ ಕೈ ಮೇಲೆದ್ದಿತ್ತು. ಎತ್ತಿದ್ದು ತಾನೇ ಎಂದು ಅವಳಿಗೆ ತಿಳಿದದ್ದು ಕೋಟಿನ ಅಗಲವಾದ ತೋಳು ಮೊಣಕೈವರೆಗೆ ಜಾರಿದಾಗ.

ಹುಡುಗಿಯರ ಪಂದ್ಯಾವಳಿಗೆ ತಾನು ಸಮ್ಮತಿ ಕೊಟ್ಟಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆದರೆ ತಾವು ಹೌದು ಎಂದದ್ದು ಕೇಳಿದೆವಲ್ಲ ಎಂದರು ಅಧ್ಯಕ್ಷರು, ನೋವಾದವರಂತೆ. ಹೌದು ಅನ್ನಲಿಲ್ಲ, ಒಂದು ಶಬ್ದ ಮಾಡಿದೆ ಎಂದಳು. ನಮ್ಮ ಭಾಷೆಯಲ್ಲಿ ಒಂದು ಶಬ್ದವಿದೆ, ಯಾರಾದರೂ ಮಾತಾಡುವಾಗ ಕೇಳುವವರು ಅದನ್ನು... ‘ಕೇಳುವವರು’ ಎನ್ನುವಲ್ಲಿಗೆ ಅವಳ ಇಂಗ್ಲಿಷ್ ನಿಂತುಹೋಯಿತು. ಎದುರಿಗೆ ಒಬ್ಬ ಸದಸ್ಯ ಬಿಸ್ಕತ್ತನ್ನು ಸದ್ದಾಗದಂತೆ ಮುರಿಯುತ್ತಿದ್ದ. ಗಂಡಸರ ಮುಖಗಳ ಮೇಲೆ ತಾಳ್ಮೆ ಮೂಡುತ್ತಿರುವುದು ಕಾಣಿಸಿತು. ಮಗುವಿನ ಪದ್ಯಕ್ಕೆ ಕಾಯುವ ಅತಿಥಿಗಳ ತಾಳ್ಮೆ. ಆಗ ಕಾನೂನು ಸಲಹೆಗಾರ ಋಷಭ್ ಎಂಬ ಯುವಕ ಕೈಯೆತ್ತಿದ. ಭಾಷೆಯ ವಿಚಾರ ಸಭೆಗೆ ಬೇಕಿಲ್ಲ, ಪ್ರಶ್ನೆ ಒಂದೇ, ಆ ಶಬ್ದವನ್ನು ಮೇಡಂ ಅಧ್ಯಕ್ಷರ ಪ್ರಶ್ನೆಗೆ ಉತ್ತರವಾಗಿ ಮಾಡಿದರೆ ಇಲ್ಲವೆ ಎಂದ. ಮಾಡಿದ್ದರೆ ಅದು ಸಮ್ಮತಿ, ನಡಾವಳಿ ಸರಿಯಿದೆ. ಬೇರೆ ಯಾರಿಗಾದರೂ ಹೇಳಿದ್ದರೆ ಸಮ್ಮತಿಯೇ ಇಲ್ಲ, ತೀರ್ಮಾನ ಬಿದ್ದುಹೋಗುತ್ತದೆ. ಯಾರಿಗೆ ಹೇಳಿದಿರಿ ಮೇಡಂ?

ಯಾರಿಗೆ ಹೇಳಿದೆ? ನಿಜ ಹೇಳುವುದಾದರೆ ಸುಬ್ಬರಾಯರಿಗೆ ಹೇಳಿದೆ, ಹಿಂದಿನ ಸಂಜೆ. ನಿಜ ಹೇಳುವುದಾದರೆ ಉಪಾಧ್ಯಕ್ಷರ ಆ ಕುರ್ಚಿಗೆ ಹೇಳಿದೆ. ಗೊತ್ತಿದ್ದೇ ಹೇಳಿದೆ, ಹೆದರಿ ಹೇಳಿದೆ, ಈಗ ಬೇಡ ಅನಿಸುತ್ತಿದೆ ಎಂದು ಎದೆಯುಬ್ಬಿಸಿ ಒಪ್ಪಿಕೊಳ್ಳಬಹುದು. ಅದರಲ್ಲಿ ಒಂದು ಘನತೆ ಇರುತ್ತದೆ, ಹೊರಗೆ ಹೋಗಿ ಕನ್ನಡಿ ನೋಡಿಕೊಳ್ಳಬಹುದು. ಆದರೆ ಹಾಗೆ ಒಪ್ಪಿಕೊಂಡ ಕೂಡಲೇ ನಡಾವಳಿ ಸರಿಯಾಗುತ್ತದೆ, ಪಂದ್ಯಾವಳಿ ಹೋಗುತ್ತದೆ. ತನ್ನ ಘನತೆಯನ್ನು ತಾನು ಮನೆಗೆ ಒಯ್ಯಬಹುದು, ಸುಗಲಮ್ಮ ಸೈಟಿನಲ್ಲಿ ಯಾರಿಗೆ ಏನು ಹೇಳುತ್ತಾಳೋ ಹೇಳಿಕೊಳ್ಳಲಿ. ಸುವರ್ಣಾ ಸುಬ್ಬರಾಯರ ಕಡೆ ನೋಡಿದಳು. ಅವರು ಕನ್ನಡಕ ತೆಗೆದು ಟೈನ ತುದಿಯಿಂದ ಒರೆಸುತ್ತಿದ್ದರು.

“ನನ್ನ ಗಂಡನಿಗೆ,” ಎಂದಳು.

ಯಾರಿಗೆ ಎಂದರು ಅಧ್ಯಕ್ಷರು. ಗಂಡನಿಗೆ, ಅವರು ಒಳಗಿನಿಂದ ಏನೋ ಕೇಳಿದರು, ಮೈಕ್ ಚಾಲೂ ಇದೆಯೆಂದು ಮರೆತಿದ್ದೆ. ಸುಬ್ಬರಾಯರ ಕೈ ಕನ್ನಡಕದ ಮೇಲೆ ನಿಂತಿತು. ನಾಸಿಕ್ ಎಂಬ ಮೂರಕ್ಷರ ಅವರ ಬಾಯಲ್ಲಿ ಇರುವುದು ಅವಳಿಗೆ ಕಂಡಿತು. ಅದನ್ನು ಹೇಳಬೇಕಾದರೆ ಅದು ತಮಗೆ ಹೇಗೆ ಗೊತ್ತು ಎಂಬುದನ್ನೂ ಹೇಳಬೇಕು, ಆ ಸಂಜೆಯ ಫೋನನ್ನೂ ಹೇಳಬೇಕು. ಹೆಂಗಸೊಬ್ಬಳು ತನ್ನ ಮೇಲೆ ತಾನೇ ಇಂಥದ್ದೊಂದನ್ನು ಹಾಕಿಕೊಂಡಾಗ ಮರ್ಯಾದಸ್ಥರು ಏನು ಮಾಡಬೇಕೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಏಸಿಯ ಸದ್ದು ಕೇಳುತ್ತಿತ್ತು. ಆಮೇಲೆ ಕೋಣೆಯಲ್ಲಿ ಒಂದು ನಗು ಕೇಳಿಸಿತು, ತೆಳ್ಳಗೆ, ಅನುಮತಿ ಕೊಡುವಂಥದ್ದು. ಅದರ ಹಿಂದೆಯೇ ಬಿಸ್ಕತ್ತಿನವನು ನಕ್ಕ, ಬಾವುಟಗಳ ಸಾಲು ಪೂರ್ತಿ ನಕ್ಕಿತು. ಅಧ್ಯಕ್ಷರು ಕಣ್ಣೊರೆಸಿಕೊಳ್ಳುತ್ತ, ಪಾಪ ಚಹಾ ಕೇಳಿರಬೇಕು ಎಂದರು. ಹೌದು, ಚಹಾ ಎಂದಳು. ನಮ್ಮ ಒಕ್ಕೂಟವನ್ನು ಯಾರು ನಡೆಸುತ್ತಾರೆಂದು ಈಗ ಗೊತ್ತಾಯಿತು, ಮೇಡಂ ಅವರ ಯಜಮಾನರು ಎಂದು ಇನ್ನೊಬ್ಬ ಸೇರಿಸಿದ. ಸುಬ್ಬರಾಯರು ಎಲ್ಲರಿಗಿಂತ ತಡವಾಗಿ, ಎಲ್ಲರಿಗಿಂತ ಜೋರಾಗಿ ನಕ್ಕರು.

ನಗು ಇಳಿಯುವ ಮೊದಲೇ ಋಷಭ್ ಬರೆದುಕೊಂಡ. ಸಮ್ಮತಿ ಇರಲಿಲ್ಲವಾದ್ದರಿಂದ ತೀರ್ಮಾನ ರದ್ದು, ಪಂದ್ಯಾವಳಿ ಮೊದಲಿನಂತೆ. ಇಂದು ಹೊಸದಾಗಿ ಸಮ್ಮತಿ ಕೊಡುತ್ತೀರಾ ಎಂದು ಅಧ್ಯಕ್ಷರು ವಿನೋದವಾಗಿ ಕೇಳಿದರು. ಇಲ್ಲ ಎಂದಳು. ಏಕೆ ಎನ್ನುವುದಕ್ಕೆ ಅವಳ ಬಳಿ ಸಿದ್ಧವಾದ ಮಾತುಗಳಿದ್ದವು, ರಾತ್ರಿ ಕುಳಿತು ಜೋಡಿಸಿದ ಒಳ್ಳೆಯ ಇಂಗ್ಲಿಷಿನ ಮಾತುಗಳು, ಯಾವ ಯಾವ ದೇಶದಲ್ಲಿ ಹುಡುಗಿಯರು ಈಗ ತಾನೇ ಆಡಲು ಶುರುಮಾಡಿದ್ದಾರೆ, ಮೈದಾನಕ್ಕೆ ಬಂದವರು ಯಾಕೆ ಬಿಟ್ಟುಹೋಗುತ್ತಾರೆ ಎಂಬುದೆಲ್ಲ. ಏಕೆ ಎಂದು ಯಾರೂ ಕೇಳಲಿಲ್ಲ. ಮುಂದಿನ ವಿಷಯ ಅಂಪೈರುಗಳ ಸಮವಸ್ತ್ರ.

ಚಹಾ ವಿರಾಮದಲ್ಲಿ ಸುಬ್ಬರಾಯರು ಅವಳ ಪಕ್ಕಕ್ಕೆ ಬಂದು ನಿಂತರು. ಕಿಟಕಿಯ ಹೊರಗೆ ಮೆಟ್ರೊ ಹೋಗುತ್ತಿತ್ತು. “ಉಪಾಧ್ಯಕ್ಷ ಸ್ಥಾನದ ಮಾತು ಇನ್ನು ಬೇಡ ಅಂತ ಕಾಣತ್ತೆ,” ಎಂದರು, ಮೃದುವಾಗಿ, ಗಾಯ ನೋಡುವವರ ಹಾಗೆ. “ಇವತ್ತು ಅಂದದ್ದನ್ನ ಇವರು ಮರೆಯೋಲ್ಲಮ್ಮ. ಪ್ರತಿ ಸಭೆಯಲ್ಲೂ ಚಹಾ ಅಂತಾರೆ.”

“ಅನ್ನಲಿ ಬಿಡ್ರಿ ಸರ್.”

“ನಾನು ನಿನ್ನನ್ನ ಅಲ್ಲಿ ಕೂರಿಸಬೇಕು ಅಂತಿದ್ದೆ. ನಿಜವಾಗ್ಲೂ.”

ಅದು ನಿಜವೆಂದು ಅವಳಿಗೆ ಗೊತ್ತಿತ್ತು. ಏನಾದರೂ ಹೇಳಬೇಕೆನಿಸಿತು, ಸೀರೆಯ ಉಪಕಾರಕ್ಕೆ, ಇವತ್ತು ಸುಮ್ಮನಿದ್ದುದಕ್ಕೆ. ಅಷ್ಟರಲ್ಲಿ ಯಾರೋ ಅವರ ಹೆಗಲು ಹಿಡಿದು ಕರೆದೊಯ್ದರು. ಅವಳು ಕಾರಿಡಾರಿಗೆ ಬಂದು ಶೈಲಾಗೆ ಫೋನ್ ಮಾಡಿದಳು. ಉಳೀತು ಎಂದಳು, ಅಷ್ಟೇ. ಆ ಕಡೆ ಮೈದಾನದ ಗದ್ದಲ, ದೂರದಲ್ಲೊಂದು ಲಾರಿ ಹಿಂದಕ್ಕೆ ಬರುವ ಸದ್ದು.

“ಹೆಂಗ?” ಎಂದಳು ಶೈಲಾ. “ನಾ ಹೇಳಿದ್ದು ಹೇಳಿದೇನು? ಏನಂದ್ರು?”

“ನಕ್ಕರು. ನಕ್ಕೋತ ನಕ್ಕೋತ ಬಿಟ್ಟುಕೊಟ್ರು.”

“ಸುಡಲಿ ಅವರ ಬಾಯಿ.” ಶೈಲಾಳ ದನಿ ಮೊದಲ ಸಲ ಮೆತ್ತಗಾಯಿತು. “ನೀ ಮನಸಿಗೆ ಹಚ್ಚಿಕೋಬ್ಯಾಡ. ಅಂಥವರ ಮುಂದ ಹೆಂಗ ಕುಂತಿದ್ದೆವ್ವ ನೀನು?”

ಸುವರ್ಣಾ ಗೋಡೆಗೆ ಒರಗಿದಳು. ಕೆನ್ನೆಗಳು ಇನ್ನೂ ನೋಯುತ್ತಿದ್ದವು.

“ಎಲ್ಲಾರಿಗಿಂತ ಮೊದಲ ನಾನ ನಕ್ಕೆ,” ಎಂದಳು.